ಚೀನಾ ಡಾಕ್ಟರ ಮಾಲು

ಪೊಲೀಸರು ಬಂದಾಗ ಹಲ್ಲು ಕಟ್ಟುವ ಲಿನ್ ಒಬ್ಬ ಮುದುಕನ ಬಾಯಲ್ಲಿ ಮೇಣದ ಅಚ್ಚು ಒತ್ತಿ ಹಿಡಿದಿದ್ದ. ಯುಗಾದಿ ಕಳೆದಿತ್ತು, ವರ್ಷತೊಡಕೂ ಕಳೆದು ಅದರ ಮಾರನೆಯ ದಿನ ಅದು. ಚಿತ್ರದುರ್ಗದ ಸಂತೇಪೇಟೆಯ ಬಾಗಿಲುಗಳಲ್ಲಿ ಮಾವಿನ ತೋರಣ ಇನ್ನೂ ಪೂರ್ತಿ ಬಾಡಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ಲು ಹೊಸ್ತಿಲಾಚೆ ನಿಂತು, "ಡಾಕ್ಟ್ರೇ, ಸ್ಟೇಷನ್ನಿಗೆ ಬರ್ಬೇಕಂತೆ," ಅಂದ.

"ಅಚ್ಚು ಗಟ್ಟಿ ಆಗ್ಲಿ, ಬರ್ತೀನಿ," ಅಂದ ಲಿನ್, ತಲೆ ಎತ್ತದೆ. ಅವನಿಗೆ ಸ್ಟೇಷನ್ನು ಹೊಸದಲ್ಲ. ಪರದೇಶದವನು ಎಂಬ ಕಾರಣಕ್ಕೆ ಆಗಾಗ ಹೋಗಿ ಮುಖ ತೋರಿಸಿ ಬರುವುದು ಅಭ್ಯಾಸವಾಗಿತ್ತು. ಆದರೆ ಈ ಸಲ ಹೆಡ್ ಕಾನ್‌ಸ್ಟೇಬಲ್ಲಿನ ಹಿಂದಿನಿಂದ ಇನ್ನಿಬ್ಬರು ನುಗ್ಗಿ ಬಂದು ಅವನ ರಟ್ಟೆ ಹಿಡಿದರು. ಮುದುಕ ಬಾಯಿ ತೆರೆದುಕೊಂಡೇ ಕುರ್ಚಿಯಲ್ಲಿ ಉಳಿದ.

ಒಲೆಯ ಮುಂದಿದ್ದ ಅವನ ಹೆಂಡತಿ ಏಕನಾಥಮ್ಮ ಕೈಯಲ್ಲಿ ರಾಗಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಓಡಿ ಬಂದಳು. ಅಷ್ಟರಲ್ಲಿ ಪೊಲೀಸರು ಹಿತ್ತಲಿಗೆ ಹೋಗಿ ಬಂದಿದ್ದರು. ಒಬ್ಬನ ಕೈಯಲ್ಲಿ ಲಿನ್‌ನ ದೊಡ್ಡ ಬಿದಿರಿನ ಕುಕ್ಕೆ, ಇನ್ನೊಬ್ಬನ ಕೈಯಲ್ಲಿ ತಳ ಕಪ್ಪಾದ ತಾಮ್ರದ ಬೋಗುಣಿ. ಅವನ್ನು ನೋಡಿದ ಕೂಡಲೆ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಏನ್ ಮಾಡಿದಾರ್ರಿ ನಮ್ಮನೆಯೋರು?"

"ಐಮಂಗಲದ ಹತ್ರ ಕೆಂಚವ್ವನಹಟ್ಟೀಲಿ ನಿನ್ನೆ ಮಧ್ಯಾಹ್ನ ಕಳ್ಳಭಟ್ಟಿ ಕುಡ್ದೋರೆಲ್ಲ ಮಲಗ್ಬಿಟ್ಟವ್ರೆ ಕಣಮ್ಮ. ರಾತ್ರಿ ಎದ್ದೋರಿಗೆ ಕಣ್ಣು ಕಾಣ್ಲಿಲ್ಲ. ಆಮೇಲೆ ಒಬ್ಬೊಬ್ರೇ ಹೋದ್ರು. ದೊಡ್ಡಾಸ್ಪತ್ರೇಲಿ ಹೆಣ ಇಡಾಕೆ ಜಾಗ ಇಲ್ಲ." ಹೆಡ್ ಕಾನ್‌ಸ್ಟೇಬಲ್ಲು ಅವಳ ಮುಖ ನೋಡದೆ ಹೇಳಿದ: "ಚೀನಾ ಡಾಕ್ಟ್ರ ಮಾಲು ಅಂತ ಹೇಳಿ ಮಾರಿದಾರಂತೆ."

ಲಿನ್ ಮುದುಕನ ಕಡೆ ತಿರುಗಿ, "ಅಜ್ಜ, ನಾಳೆ ಬಾ," ಅಂದ. ಹಾಗೇ ಹೋದ.

ಅವನು ಈ ಊರಿಗೆ ಬಂದದ್ದು ಸೈಕಲ್ಲಿನ ಹಿಂದೆ ಚೀನಾ ರೇಷ್ಮೆಯ ಗಂಟು ಕಟ್ಟಿಕೊಂಡು, ಬ್ರಿಟಿಷರ ಕಾಲದಲ್ಲಿ. ಷಾಂಡೋಂಗ್ ಸೀಮೆಯ ಒಂದು ಹಳ್ಳಿಯಲ್ಲಿ ಅವನ ಮನೆಯವರದ್ದು ಜೋಳದಿಂದ ಸಾರಾಯಿ ಇಳಿಸುವ ಕಸುಬು. ಮನೆಯ ಹಿಂದೆಯೇ ಭಟ್ಟಿ, ಮಣ್ಣಿನ ಕುಳಿ, ಸಾಲು ಜಾಡಿ. ಅಪ್ಪ, ದೊಡ್ಡಪ್ಪ, ಅಣ್ಣಂದಿರು ಎಲ್ಲರೂ ಅದರಲ್ಲೇ ದುಡಿಯುತ್ತಿದ್ದರಂತೆ. ಆಮೇಲೆ ಜಪಾನಿನವರು ಬಂದರು, ಭಟ್ಟಿ ಸುಟ್ಟಿತು, ಮನೆಯವರು ಚದುರಿದರು. ಲಿನ್ ಊರೂರು ಸುತ್ತಿ ರೇಷ್ಮೆ ಮಾರುತ್ತ ಐಮಂಗಲದ ರಸ್ತೆಯಲ್ಲಿ ಬರುತ್ತಿದ್ದಾಗ ಎರಡೂ ಕಡೆ ಆಳೆತ್ತರಕ್ಕೆ ನಿಂತ ಕೆಂಜೋಳದ ಹೊಲ ಕಂಡು ಸೈಕಲ್ ಇಳಿದುಬಿಟ್ಟನಂತೆ. ತೆನೆ ಮುರಿದು ಅಂಗೈಯಲ್ಲಿ ಉಜ್ಜಿ ಬಾಯಿಗೆ ಹಾಕಿಕೊಂಡು ಅಲ್ಲೇ ಬದುವಿನ ಮೇಲೆ ಕೂತನಂತೆ. ಮತ್ತೆ ಮುಂದಕ್ಕೆ ಹೋಗಲಿಲ್ಲ. ದಾವಣಗೆರೆಯಲ್ಲಿದ್ದ ಇನ್ನೊಬ್ಬ ಚೀನಾದವನಿಂದ ಹಲ್ಲು ಕಟ್ಟುವ ಕೆಲಸ ಕಲಿತು ಚಿತ್ರದುರ್ಗದಲ್ಲಿ ಅಂಗಡಿ ಹಾಕಿದ.

ಮದಕರಿಪುರದ ಕುರಿ ಕಾಯುವ ಬೀರಪ್ಪನ ಮಗಳು ಏಕನಾಥಮ್ಮ ಅವನನ್ನು ಮೊದಲು ನೋಡಿದ್ದು ದವಡೆ ಊದಿಕೊಂಡು ಅಳುತ್ತ ಬಂದಾಗ. ಅವಳು ಅವನನ್ನು ಮದುವೆಯಾದ ಸುದ್ದಿ ಹಳ್ಳಿಗೆ ಮುಟ್ಟಿದ ದಿನವೇ ಕುಲದವರು ಅವಳನ್ನು ಹೊರಗಿಟ್ಟರು. ಬೀರಪ್ಪ ಸಾಯುವವರೆಗೂ ಅವಳ ಹೆಸರು ಹೇಳಲಿಲ್ಲ. ಮಕ್ಕಳಾಗಲಿಲ್ಲ. ಚೀನಾದ ಯುದ್ಧ ಬಂದಾಗ ಲಿನ್‌ನನ್ನು ರಾಜಸ್ಥಾನದ ಕ್ಯಾಂಪಿಗೆ ಹಿಡಿದುಕೊಂಡು ಹೋದರು, ವರ್ಷಗಟ್ಟಲೆ ಬಿಡಲಿಲ್ಲ. ಆ ದಿನಗಳಲ್ಲಿ ಏಕನಾಥಮ್ಮನ ಮನೆಯ ಹೊಸ್ತಿಲು ದಾಟಿದ ರಕ್ತಸಂಬಂಧಿ ಒಬ್ಬನೇ, ಅವಳ ತಮ್ಮ ಕರಿಸಿದ್ದಪ್ಪ. ಆಗವನಿಗೆ ಮೀಸೆಯೂ ಸರಿಯಾಗಿ ಚಿಗುರಿರಲಿಲ್ಲ. ಸಂತೆಯ ದಿನ ಕುರಿ ಹೊಡೆದುಕೊಂಡು ಬಂದವನು ಕುಲದವರ ಕಣ್ಣು ತಪ್ಪಿಸಿ ಕಂಬಳಿಯಲ್ಲಿ ರಾಗಿ ಕಟ್ಟಿ ತಂದು ಹಿಂಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ಬೀದಿಯ ಹುಡುಗರು ಅವಳ ಬಾಗಿಲಿಗೆ ಸಗಣಿ ಎರಚಿದ ದಿನ ಅವನು ದೊಣ್ಣೆ ಹಿಡಿದು ಜಗಲಿಯ ಮೇಲೆ ಕೂತಿದ್ದ.

ಕ್ಯಾಂಪಿನಿಂದ ತಿರುಗಿ ಬಂದ ಮೇಲೆಯೇ ಲಿನ್ ಸಾರಾಯಿ ಇಳಿಸಲು ಶುರು ಮಾಡಿದ್ದು. ವರ್ಷಕ್ಕೆ ಒಂದೇ ಜಾಡಿ. ಗೋಧಿ, ಬಟಾಣಿ ತರಿಯಾಗಿ ಬೀಸಿ, ನೀರು ಹಾಕಿ ಕಾಲಲ್ಲಿ ತುಳಿದು, ಇಟ್ಟಿಗೆಯಂತೆ ಕಟ್ಟಿ ಹುಲ್ಲು ಸುತ್ತಿ ಕತ್ತಲೆ ಕೋಣೆಯಲ್ಲಿ ಇಡುತ್ತಿದ್ದ. ಅದರ ಮೇಲೆ ಬೂಷ್ಟು ಬೆಳೆದಷ್ಟೂ ಅವನಿಗೆ ಸಂತೋಷ. ಜೋಳ ಬೇಯಿಸಿ ಆರಿಸಿ, ಆ ಇಟ್ಟಿಗೆಯ ಪುಡಿ ಕಲಸಿ, ಹಿತ್ತಲ ಕುಳಿಯಲ್ಲಿ ತುಂಬಿ ಮೇಲೆ ಕೆಸರು ಮೆತ್ತಿ ಮರೆತವನ ಹಾಗೆ ಇರುತ್ತಿದ್ದ. ಕುಳಿ ತೆಗೆದ ದಿನ ಬಿದಿರ ಕುಕ್ಕೆಯಲ್ಲಿ ಆ ಜೋಳವನ್ನು ಮತ್ತೆ ಹಬೆಗಿಟ್ಟು, ಮೇಲೆ ತಣ್ಣೀರಿನ ಬೋಗುಣಿ ಇಡುತ್ತಿದ್ದ. ಬೋಗುಣಿಯ ತಳದಿಂದ ಹನಿ ಹನಿಯಾಗಿ ಇಳಿಯುವುದನ್ನು ಏಕನಾಥಮ್ಮ ನೋಡುತ್ತ ಕೂರುತ್ತಿದ್ದಳು. ನೀರಿನಷ್ಟು ತಿಳಿ. ಜೋಗಿಮಟ್ಟಿ ಗುಡ್ಡದಲ್ಲಿ ಸೀತಾಫಲ ಹಣ್ಣಾಗಿ ಬಿದ್ದು ಮಳೆಗೆ ನೆನೆದಾಗ ಬರುತ್ತದಲ್ಲ, ಅಂಥ ವಾಸನೆ. ಅವನು ಅದನ್ನು ಒಂದು ದಿನಕ್ಕೂ ಮಾರಿದವನಲ್ಲ. ಹಲ್ಲು ಕೀಳುವಾಗ ಹತ್ತಿಯಲ್ಲಿ ಅದ್ದಿ ವಸಡಿಗೆ ಹಚ್ಚುತ್ತಿದ್ದ. ಯುಗಾದಿಯ ಆಸುಪಾಸಿಗೆ ಅವನ ಊರಿನ ಪಿತೃಗಳ ಹಬ್ಬ. ಆ ದಿನ ಅಂಗಳದಲ್ಲಿ ಬಡಗಣ ದಿಕ್ಕಿಗೆ ಮುಖ ಮಾಡಿ ಬಟ್ಟಲು ಇಟ್ಟು, ಸತ್ತ ಅಪ್ಪನನ್ನೂ ದೊಡ್ಡಪ್ಪನನ್ನೂ ಕರೆಯುತ್ತಿದ್ದ. ಆಮೇಲೆ ತನಗೆ ಒಂದು ಬಟ್ಟಲು, ಭಾವಮೈದುನ ಕರಿಸಿದ್ದಪ್ಪನಿಗೆ ಒಂದು.

ಪೊಲೀಸರು ಕುಕ್ಕೆ, ಬೋಗುಣಿ ಒಯ್ದಿದ್ದರು. ಕರಿಬೇವಿನ ಗಿಡದ ಬುಡದಲ್ಲಿ ಹೂತಿದ್ದ ಜಾಡಿ ಅವರಿಗೆ ಸಿಕ್ಕಿರಲಿಲ್ಲ.

ಏಕನಾಥಮ್ಮ ಮೊದಲು ಓಡಿದ್ದು ವಕೀಲ ಶಿವಕುಮಾರಪ್ಪನವರ ಮನೆಗೆ. ಅವರ ಬಾಯಲ್ಲಿದ್ದ ಹಲ್ಲು ಲಿನ್ ಕಟ್ಟಿದ್ದು, ಹಾಗಾಗಿ ಸಲಿಗೆ. ಅವರು ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಎಮರ್ಜೆನ್ಸಿ ಕಾಲ ಇದು. ಕೋರ್ಟು ಕಚೇರಿ ನಂಬ್ಕಂಡು ಕೂರಂಗಿಲ್ಲ. ಮೇಲಿನೋರಿಗೆ ಇವತ್ತು ಒಂದು ಹೆಸರು ಬೇಕು. ಮನೇಲಿ ಏನಾದ್ರೂ ಉಳಿದೈತಾ?"

ಏಕನಾಥಮ್ಮ ಕೈಗೆ ಮೆತ್ತಿದ್ದ ಹಿಟ್ಟನ್ನು ಸೆರಗಿನ ತುದಿಗೆ ಉಜ್ಜಿದಳು.

"ಇದ್ರೆ ಒಡ್ದು ಚೆಲ್ಲಿಬಿಡು. ಆ ಕುಕ್ಕೆ, ಬೋಗುಣಿ ಇಡ್ಲಿ ಬೇಯಿಸಾಕೆ ಅಂತ ಹೇಳಾಣ. ಮಾಲು ಸಿಕ್ರೆ ಮಾತ್ರ ಯಾರೂ ಉಳಿಸಾಕಾಗಲ್ಲ."

ಅವಳು ಮನೆಗೆ ಹೋಗಲಿಲ್ಲ, ಸ್ಟೇಷನ್ನಿಗೆ ಹೋದಳು. ಇನ್‌ಸ್ಪೆಕ್ಟರ್ ಮುರುಗೇಶಪ್ಪ ಕೆಟ್ಟ ಮನುಷ್ಯರಲ್ಲ. ರಾತ್ರಿಯೆಲ್ಲ ಹಟ್ಟಿಯಲ್ಲಿ ಹೆಣಗಳ ನಡುವೆ ಓಡಾಡಿ ಕಣ್ಣು ಕೆಂಪಾಗಿದ್ದವು. "ಕುಂತ್ಕಳಮ್ಮ," ಅಂದು ಮೇಜಿನ ಮೇಲಿದ್ದ ಅರ್ಧ ಬಾಟಲಿಯ ಬಿರಡೆ ತೆಗೆದು ಅವಳ ಮುಂದೆ ಹಿಡಿದರು. ಹೊಸದಾಗಿ ಪಾಲಿಶ್ ಹೊಡೆದ ಮರದ ಬೀರುವಿನಂಥ ವಾಸನೆ ಮೂಗಿಗೆ ರಪ್ಪನೆ ಬಡಿಯಿತು.

"ಇದು ನಮ್ದಲ್ಲ," ಅಂದುಬಿಟ್ಟಳು.

"ನಿಮ್ದು ಹೆಂಗಿರ್ತೈತೆ ಹಂಗಾದ್ರೆ?"

ನಮ್ಮದು ಅಂತ ಒಂದು ಇದೆ ಎಂದು ಅವಳೇ ಒಪ್ಪಿಕೊಂಡಂತೆ ಆಗಿತ್ತು. ಇನ್‌ಸ್ಪೆಕ್ಟರು ನಿಟ್ಟುಸಿರು ಬಿಟ್ಟು ಬಿರಡೆ ಹಾಕಿದರು.

"ಬೆಂಗಳೂರಿಂದ ಪರೀಕ್ಷೆ ಆಗಿ ಬರೋದು ಯಾವಾಗ್ಲೋ. ಹಟ್ಟೀಲಿ ಮಾರ್ದೋನು ತಿಮ್ಮರಾಯಪ್ಪ ಅಂತ, ಅವ್ನೂ ಕುಡ್ದು ಸತ್ತವ್ನೆ. ಎಲ್ಲಿಂದ ತಂದ ಅಂತ ಕೇಳಾಣ ಅಂದ್ರೆ ಬಾಯೇ ಇಲ್ಲ. ಬದುಕಿರೋರು ಹೇಳೋದು ಒಂದೇ ಮಾತು, ಚೀನಾ ಡಾಕ್ಟ್ರ ಮಾಲು. ನಿನ್ನ ಗಂಡ ನೋಡಿದ್ರೆ ತುಟಿ ಬಿಚ್ಚಲ್ಲ. ನಾನೇನು ಮಾಡ್ಲಿ? ಪರದೇಶದೋನು. ಸಂಜೆ ಒಳಗೆ ಬಳ್ಳಾರಿ ಜೈಲಿಗೆ ಕಳಿಸು ಅಂತ ಹೇಳಿದಾರೆ. ಅಲ್ಲಿಂದಾಚೆ ಅವ್ನು ನನ್ನ ಕೈಲಿಲ್ಲ."

ಬಳ್ಳಾರಿ ಎಂದದ್ದು ಅವಳಿಗೆ ರಾಜಸ್ಥಾನ ಎಂದಂತೆ ಕೇಳಿಸಿತು. ಆ ಸಲ ಹೋದವನು ತಿರುಗಿ ಬಂದಾಗ ಅವನ ಕೂದಲು ಬೆಳ್ಳಗಾಗಿತ್ತು. ಈಗ ಅವನಿಗೆ ಅರವತ್ತು ದಾಟಿದೆ. ಈ ಸಲ ಹೋದರೆ ಬರುವುದಿಲ್ಲ.

ಆಗ ಅವಳಿಗೆ ಹೊಳೆದದ್ದು ತಮ್ಮನ ಹೆಸರು. ಕರಿಸಿದ್ದ ವರ್ಷವರ್ಷವೂ ಕುಡಿದಿದ್ದಾನೆ. ಬಂದು ಇನ್‌ಸ್ಪೆಕ್ಟರ ಮುಂದೆ ನಿಂತು, ನಮ್ಮ ಭಾವನದು ವಿಷ ಅಲ್ಲ, ನೋಡ್ರಿ ನಾನು ಬದುಕಿದ್ದೀನಿ ಅಂತ ಹೇಳಿದರೆ ಸಾಕು. ಜಟಕಾದವನನ್ನು ಗೋಗರೆದು ಮದಕರಿಪುರದ ದಾರಿ ಹಿಡಿದಳು. ಬಿಸಿಲಿಗೆ ಬಂಡೆಗಳು ಕಾದು ಗಾಳಿಯೇ ನಡುಗುತ್ತಿತ್ತು.

ತವರುಮನೆಯ ಜಗಲಿಯ ಮೇಲೆ ಅವ್ವ ಕಾಳಕ್ಕ ಉಣ್ಣೆ ಹಿಂಜುತ್ತ ಕೂತಿದ್ದಳು. ಮಗಳನ್ನು ಕಂಡು ಎದ್ದು ಬಂದವಳು, "ರೊಪ್ಪದಾಗವ್ನೆ. ಬೆಳಗ್ಗಿಂದ ಕುರಿ ಬಿಟ್ಟಿಲ್ಲ, ಗಂಜಿ ಮುಟ್ಟಿಲ್ಲ. ಏನಾಗೈತೆ ನೋಡವ್ವ ಅವಂಗೆ," ಅಂದಳು.

ಮುಳ್ಳುಬೇಲಿಯ ರೊಪ್ಪದಲ್ಲಿ ಹಸಿದ ಕುರಿಗಳು ಒಂದೇ ಸಮ ಅರಚುತ್ತಿದ್ದವು. ಕರಿಸಿದ್ದಪ್ಪ ಮೂಲೆಯ ಹುಲ್ಲಿನ ಮೇಲೆ ಮೊಣಕಾಲು ತಬ್ಬಿ ಕೂತಿದ್ದ. ಅಕ್ಕನನ್ನು ನೋಡಿಯೂ ಏಳಲಿಲ್ಲ.

"ಕರಿಸಿದ್ದ, ನಿಮ್ಮ ಭಾವನ್ನ ಪೊಲೀಸ್ನೋರು ಎಳ್ಕಂಡೋದ್ರು ಕಣೋ."

"ಗೊತ್ತಾತು."

"ಗೊತ್ತಾಗಿ ಇಲ್ಲಿ ಕುಂತೀಯಾ? ಏಳು, ಹೋಗಾಣ. ನೀನು ಕುಡ್ದೀಯ, ನಿಂಗೇನೂ ಆಗಿಲ್ಲ ಅಂತ ಹೇಳು. ಅಷ್ಟೇ ಸಾಕು."

ಅವನು ಅಲುಗಲಿಲ್ಲ. ಅವಳು ಬಗ್ಗಿ ಅವನ ತೋಳು ಹಿಡಿದು ಎಳೆದಳು. ಎಳೆದಾಗ ಅವನ ಹಿಂದಿನ ಹುಲ್ಲು ಜರುಗಿ ತಗಡಿನ ಡಬ್ಬವೊಂದು ಕಂಡಿತು. ಡಬ್ಬದ ಬಾಯಿಗೆ ಚಿಂದಿ ತುರುಕಿತ್ತು. ಕುರಿಯ ಹಿಕ್ಕೆ, ಗಂಜಲದ ನಡುವೆಯೂ ಆ ವಾಸನೆ ಬಂತು. ಮುರುಗೇಶಪ್ಪನವರ ಮೇಜಿನ ಮೇಲಿದ್ದ ಬಾಟಲಿಯ ವಾಸನೆ.

ಏಕನಾಥಮ್ಮ ಅವನ ತೋಳು ಬಿಟ್ಟಳು.

"ಅಕ್ಕ, ವಿಷ ಅಂತ ನಂಗೊತ್ತಿರ್ಲಿಲ್ಲ. ಆ ದೇವ್ರಾಣೆ ಗೊತ್ತಿರ್ಲಿಲ್ಲ." ಅವನು ಈಗ ಮಾತು ಶುರು ಮಾಡಿದವನು ನಿಲ್ಲಿಸಲಾರದೆ ಹೇಳಿದ. "ಐಮಂಗಲದ ಹೈವೇ ತಾವ ಒಬ್ಬ ಲಾರಿ ಡ್ರೈವರ್ ಕೊಟ್ಟ. ಸ್ಪಿರಿಟ್ಟು, ನೀರು ಬೆರೆಸಿದ್ರೆ ಸಾರಾಯಿ ಆಗ್ತೈತೆ ಅಂದ. ಕುರಿಗೆ ರೋಗ ಬಿದ್ದು ಅರ್ಧ ಮಂದೆ ಹೋಗಿತ್ತು, ಏನೋ ಒಂದು ದಾರಿ ಸಿಕ್ತು ಅನ್ಕಂಡೆ. ತಿಮ್ಮರಾಯಪ್ಪಂಗೆ ಕೊಟ್ಟೆ. ಯಾರ್ದು ಅಂತ ಕೇಳ್ದ. ಭಾವಂದು ಅಂದೆ. ಭಾವಂದು ಅಂದ್ರೆ ಜನ ಮರುಮಾತಿಲ್ದೆ ತಗಂತಾರೆ ಅಕ್ಕ. ಊರೆಲ್ಲ ಅದ್ರ ಹೆಸರು ಕೇಳೈತೆ, ಕುಡ್ದೋನು ನಾನೊಬ್ಬನೇ. ಹೊಸದುರ್ಗದ ಕಡೆಗೂ ಒಂದು ಡಬ್ಬ ಹೋಗೈತೆ. ಅಲ್ಲಿಂದ ಏನೂ ಸುದ್ದಿ ಬಂದಿಲ್ಲ. ಹಟ್ಟೀದು ಮಾತ್ರ ಯಾಕೆ ಹಿಂಗಾತೋ..."

"ಬಂದು ಹೇಳು. ಇದನ್ನೇ ಬಂದು ಹೇಳು."

"ನೇಣು ಹಾಕ್ತಾರೆ ಅಕ್ಕ! ನನ್ನ ಮಕ್ಳು ಇನ್ನೂ ತೊಟ್ಲಾಗವೆ. ಪುಟ್ಟಕ್ಕ ಅವನ್ನ ಕಟ್ಕಂಡು ಎಲ್ಲಿಗೆ ಹೋಗ್ತಾಳೆ, ಅವ್ವ ಎಲ್ಲಿಗೆ ಹೋಗ್ತಾಳೆ?" ಅವನು ಅವಳ ಕಾಲು ಹಿಡಿದುಕೊಂಡ. "ಭಾವ ಹೊರಗಿನೋರು. ಹೆಚ್ಚು ಅಂದ್ರೆ ಅವ್ರ ದೇಶಕ್ಕೆ ಕಳಿಸ್ತಾರೆ. ಹೋದ ಸಲನೂ ಬಿಟ್ಟು ಕಳಿಸ್ಲಿಲ್ವಾ?"

ಹೊರಗಿನವರು ಎಂಬ ಮಾತು ಅವಳು ಊರ ಬಾಯಿಂದ ಸಾವಿರ ಸಲ ಕೇಳಿದ್ದಳು. ಇವನ ಬಾಯಿಂದ ಕೇಳಿರಲಿಲ್ಲ. ಕಾಲು ಬಿಡಿಸಿಕೊಂಡು ಹಿಂದಕ್ಕೆ ಸರಿದಾಗ ಬೇಲಿಯ ಆಚೆ ಅವ್ವ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮುದುಕಿ ಎರಡೂ ಕೈ ಜೋಡಿಸಿ ಮಗಳಿಗೆ, ಹೆತ್ತ ಮಗಳಿಗೆ, ಮುಗಿದಳು.

ಏಕನಾಥಮ್ಮ ಹೇಗೆ ಸ್ಟೇಷನ್ನಿಗೆ ವಾಪಸು ಬಂದಳೋ ಅವಳಿಗೇ ತಿಳಿಯದು. ಇನ್‌ಸ್ಪೆಕ್ಟರು ಗಂಡನನ್ನು ನೋಡಲು ಬಿಟ್ಟರು. ಸರಳುಗಳಾಚೆ ಲಿನ್ ಗೋಡೆಗೊರಗಿ ಕೂತಿದ್ದ. ಕೆನ್ನೆಯ ಮೇಲೆ ಯಾರದೋ ಕೈಬೆರಳು ಮೂಡಿದ್ದವು.

"ಕರಿಸಿದ್ದ ಮಾಡಿರೋದು," ಅಂದಳು ಅವಳು ಪಿಸುದನಿಯಲ್ಲಿ. "ನಾನೇ ಕಣ್ಣಾರೆ ನೋಡಿ ಬಂದೆ."

"ಗೊತ್ತು."

"ನಿಮಗೆ ಗೊತ್ತಾ?"

"ನನ್ನ ಮಾಲು ಅಂತ ಹೇಳಿದ್ರಲ್ಲ. ನನ್ನ ಮಾಲು ಕುಡ್ದೋನು ಅವ್ನೊಬ್ನೇ." ಮೂವತ್ತೈದು ವರ್ಷ ಈ ಸೀಮೆಯಲ್ಲಿ ಇದ್ದವನ ಕನ್ನಡ ಇಲ್ಲಿಯವರದೇ, ಆಯಾಸವಾದಾಗ ಮಾತ್ರ ರಕಾರಗಳು ನಾಲಗೆಯಲ್ಲಿ ಜಾರುತ್ತಿದ್ದವು. ಈಗ ಜಾರುತ್ತಿದ್ದವು. "ಹೇಳಬೇಡ. ನಾನು ಕ್ಯಾಂಪಲ್ಲಿ ಇದ್ದಾಗ ನಿನ್ನ ಹೊಟ್ಟೆ ನೋಡ್ದೋನು ಅವ್ನು. ನಂಗೆ ವಯಸ್ಸಾತು. ಅವ್ನಿಗೆ ಮಕ್ಕಳವೆ."

"ಮತ್ತೆ ನಾನು?" ಅಂದಳು ಏಕನಾಥಮ್ಮ. ಧ್ವನಿ ಏರಿತು. "ನೀವೆಲ್ಲ ಒಬ್ರಿಗೊಬ್ರು ಋಣ ತೀರಿಸ್ಕಂತ ಹೋಗ್ರಿ. ನಾನು ಯಾರ ಮನೆ ಬಾಗಿಲು ಕಾಯ್ಲಿ?"

ಲಿನ್ ಗೋಡೆಯ ಕಡೆ ಮುಖ ತಿರುಗಿಸಿದ.

ಮನೆಗೆ ಬಂದವಳೇ ಹಾರೆ ತೆಗೆದುಕೊಂಡು ಕರಿಬೇವಿನ ಬುಡ ಅಗೆದಳು. ಜಾಡಿಯ ಬಾಯಿಗೆ ಕಟ್ಟಿದ್ದ ಎಣ್ಣೆಬಟ್ಟೆ ಕಂಡಿತು. ಹಾರೆಯನ್ನು ಮೇಲೆತ್ತಿದಳು. ಒಂದೇ ಏಟು, ವಕೀಲರು ಹೇಳಿದಂತೆ ಎಲ್ಲ ಮಣ್ಣು ಕುಡಿಯುತ್ತದೆ. ಗಂಡ ಸಾರಾಯಿ ಇಳಿಸುತ್ತಿದ್ದ ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ. ಹಾಗೆಯೇ, ಅವನ ಸಾರಾಯಿ ಯಾರನ್ನೂ ಕೊಲ್ಲಲಿಲ್ಲ ಎಂಬುದಕ್ಕೂ. ಅವಳು ಹಾರೆ ಪಕ್ಕಕ್ಕಿಟ್ಟಳು. ಮಣ್ಣಿನಲ್ಲೇ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆಮೇಲೆ ಜಾಡಿ ಎತ್ತಿ, ಕಂಬಳಿ ಸುತ್ತಿ, ಸೊಂಟದ ಮೇಲಿಟ್ಟುಕೊಂಡು ಹೊರಟಳು.

ಸ್ಟೇಷನ್ನಿನ ಮುಂದೆ ಆಗಲೇ ಜನ ತುಂಬಿದ್ದರು. ಆಸ್ಪತ್ರೆಯಲ್ಲಿ ಹೆಣ ಕೊಯ್ಯಲು ಕೊಟ್ಟು ಕಾದಿದ್ದ ಹಟ್ಟಿಯವರೆಲ್ಲ ಕಲ್ಲು ದೊಣ್ಣೆ ಹಿಡಿದು ಇಲ್ಲಿಗೆ ಬಂದಿದ್ದರು. "ಚೀನಾದೋನ್ನ ಹೊರಗೆ ಬಿಡ್ರಿ! ನಮ್ ಕೈಗೆ ಕೊಡ್ರಿ!" ಅನ್ನುವ ಕೂಗು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಕಿಟಕಿಯ ಗಾಜು ಒಂದು ಆಗಲೇ ಒಡೆದಿತ್ತು. ಲಾಠಿ ಹಿಡಿದ ಪೊಲೀಸರು ಬಾಗಿಲಿಗೆ ಅಡ್ಡ ನಿಂತಿದ್ದರು, ಆದರೆ ಅವರ ಮುಖದಲ್ಲೂ ಹೆದರಿಕೆ ಇತ್ತು.

ಏಕನಾಥಮ್ಮ ಆ ಗುಂಪಿನ ನಡುವೆ ನುಗ್ಗಿದಳು. ಯಾರೋ ಗುರುತು ಹಿಡಿದು, "ಅವ್ನ ಹೆಂಡ್ತಿ ಕಣ್ರೋ!" ಅಂದರು. ಯಾರೋ ಅವಳ ಬೆನ್ನಿಗೆ ಗುದ್ದಿದರು. ಮೆಟ್ಟಿಲ ಮೇಲೆ ಜಾಡಿ ಇಟ್ಟು ಕಂಬಳಿ ಬಿಚ್ಚಿದಾಗ ಒಂದು ಗಳಿಗೆ ಗದ್ದಲ ತಗ್ಗಿತು. ಬಾಗಿಲಿಗೆ ಬಂದ ಮುರುಗೇಶಪ್ಪನವರು, "ಏಯ್, ಏನಮ್ಮಾ ಅದು?" ಅಂದರು.

"ಇದು ನಮ್ಮನೆಯೋರ ಮಾಲು. ಅವ್ರೇ ಇಳಿಸಿದ್ದು. ಮಾರಿದ್ದಲ್ಲ. ಅದಕ್ಕೇನು ಸಜಾ ಐತೋ ಅದು ಆಗ್ಲಿ."

ಕಂಬಳಿಯೊಳಗೆ ಸುತ್ತಿಕೊಂಡು ಬಂದಿದ್ದ ಹಿತ್ತಾಳೆ ಚೊಂಬಿಗೆ ಬಗ್ಗಿಸಿದಳು. ಹುಟ್ಟಿದಾಗಿನಿಂದ ಅವಳು ಕುಡಿದವಳಲ್ಲ, ವಾಸನೆ ಮಾತ್ರ ಬಲ್ಲಳು. ಚೊಂಬೆತ್ತಿ ಗಟಗಟ ಕುಡಿದಳು. ಗಂಟಲಿನಿಂದ ಹೊಟ್ಟೆಯವರೆಗೆ ಕೊಳ್ಳಿ ಎಳೆದಂತಾಗಿ ಕಣ್ಣಲ್ಲಿ ನೀರು ಸುರಿಯಿತು, ಕೆಮ್ಮಿ ಕೆಮ್ಮಿ ಮೊಣಕಾಲೂರಿದಳು. ಆದರೂ ಚೊಂಬು ಬಿಡಲಿಲ್ಲ, ಉಳಿದದ್ದನ್ನೂ ಕುಡಿದು ಕೆಳಗಿಟ್ಟಳು. "ಇಲ್ಲೇ ಕುಂತಿರ್ತೀನಿ. ನಾಳೆವರೆಗೂ ಕುಂತಿರ್ತೀನಿ. ನಾನು ಸತ್ರೆ ಅವ್ರನ್ನ ನಿಮ್ಮ ಕೈಗೆ ಕೊಡ್ಲಿ."

ಗುಂಪಿನಿಂದ ಒಬ್ಬ ಹೆಂಗಸು ಬಂದಳು. ಹಣೆಯ ಕುಂಕುಮ ಅಳಿಸಿ ಕೆಂಪು ಕೆನ್ನೆಯವರೆಗೂ ಹರಡಿತ್ತು. ಮಹಾದೇವಮ್ಮ ಎಂದು ಯಾರೋ ಹಿಂದಿನಿಂದ ಕೂಗಿ ತಡೆದರು, ಅವಳು ನಿಲ್ಲಲಿಲ್ಲ. ನೆಟ್ಟಗೆ ಬಂದು ಏಕನಾಥಮ್ಮನ ಜುಟ್ಟು ಹಿಡಿದು ಮುಖ ಮೇಲೆತ್ತಿದಳು. ಹೊಡೆಯುತ್ತಾಳೆಂದೇ ಎಲ್ಲರೂ ತಿಳಿದರು. ಅವಳು ಬಗ್ಗಿ ಏಕನಾಥಮ್ಮನ ಬಾಯಿಯ ಹತ್ತಿರ ಮೂಗು ತಂದು ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ನಿಧಾನವಾಗಿ ಜುಟ್ಟು ಬಿಟ್ಟಳು.

"ಇದಲ್ಲ," ಅಂದಳು. "ನಿನ್ನೆ ಇಡೀ ರಾತ್ರಿ ನನ್ನ ಗಂಡನ ತಲೆ ತೊಡೆ ಮೇಲಿಟ್ಕಂಡಿದ್ದೆ. ಕತ್ಲಾತು, ದೀಪ ಹಚ್ಚೇ ಅಂತಿದ್ದ, ದೀಪ ಮುಂದೇನೇ ಉರೀತಿತ್ತು. ಅವ್ನ ಬಾಯಿ ವಾಸನೆ ನಾನು ಸಾಯೋವರೆಗೂ ಮರೆಯಲ್ಲ. ಇದಲ್ಲ ಅದು."

ಕಲ್ಲು ಹಿಡಿದಿದ್ದ ಕೈಗಳು ಕೆಳಗಿಳಿದವು. ಮಹಾದೇವಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಬೇಡುವವಳಂತೆ ಏಕನಾಥಮ್ಮನ ಮುಖ ನೋಡಿದಳು.

"ನಿಂಗೇನಾದ್ರೂ ಗೊತ್ತೈತಾ ತಾಯಿ? ಇನ್ನೂ ಎಲ್ಲಾದ್ರೂ ಐತಾ ಅದು? ಇನ್ಯಾರಾದ್ರೂ ಕುಡೀತಾರಾ?"

ಹೊಸದುರ್ಗದ ಕಡೆಗೂ ಒಂದು ಡಬ್ಬ ಹೋಗೈತೆ. ಆ ಮಾತು ರೊಪ್ಪದಿಂದ ಬಂದಾಗಿನಿಂದ ಅವಳ ಕಿವಿಯಲ್ಲೇ ಇತ್ತು, ಅವಳ ತಲೆಗೆ ಹೋಗಿರಲಿಲ್ಲ. ಗಂಡ, ತಮ್ಮ, ಗಂಡ, ತಮ್ಮ ಎಂದು ಗಾಣದ ಎತ್ತಿನಂತೆ ಸುತ್ತುತ್ತಿದ್ದ ತಲೆ ಈಗ ಥಟ್ಟನೆ ನಿಂತಿತು. ಯಾವುದೋ ಹಳ್ಳಿಯಲ್ಲಿ ಯಾರೋ ಈ ಹೊತ್ತಿನಲ್ಲಿ ಬಿರಡೆ ತೆಗೆಯುತ್ತಿರಬಹುದು. ಇನ್ಯಾವಳೋ ದೀಪ ಹಚ್ಚುತ್ತಿರಬಹುದು. ಸಾರಾಯಿ ಕಾಲಿಗಿಳಿದು ಮೆಟ್ಟಿಲು ತೂಗುತ್ತಿತ್ತು. ಬೇಲಿಯಾಚೆ ಕೈಮುಗಿದು ನಿಂತ ಅವ್ವ ಕಣ್ಣಿಗೆ ಕಟ್ಟಿದಳು. ಕಣ್ಣು ಮುಚ್ಚಿದರೂ ಹೋಗಲಿಲ್ಲ.

"ಐತೆ," ಅಂದಳು. "ಹೊಸದುರ್ಗದ ಕಡೆ ಒಂದು ಡಬ್ಬ ಹೋಗೈತಂತೆ. ಯಾವೂರು ಅಂತ ನಂಗೊತ್ತಿಲ್ಲ. ಅದು ಗೊತ್ತಿರೋನು ಮದಕರಿಪುರದಾಗವ್ನೆ. ಕರಿಸಿದ್ದಪ್ಪ ಅಂತ." ಉಸಿರು ಎಳೆದುಕೊಂಡಳು. "ಬೀರಪ್ಪನ ಮಗ. ನನ್ನ ಒಡಹುಟ್ಟಿದೋನು."

ಒಳಗಿನಿಂದ ಲಿನ್ ಅವನ ಭಾಷೆಯಲ್ಲಿ ಏನೋ ಕೂಗಿದ. ಅಷ್ಟು ವರ್ಷದ ಸಂಸಾರದಲ್ಲಿ ಅವನು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಅವಳು ಕೇಳಿರಲಿಲ್ಲ.

ಮದಕರಿಪುರಕ್ಕೆ ಜೀಪು ಹೋದಾಗ ಕರಿಸಿದ್ದಪ್ಪ ಓಡಿ ಹೋಗಿರಲಿಲ್ಲ. ಅದೇ ಹುಲ್ಲಿನ ಮೇಲೆ ಕೂತಿದ್ದನಂತೆ. ಕೇಳಿದ ಕೂಡಲೆ ಊರಿನ ಹೆಸರು ಹೇಳಿದ. ಪೊಲೀಸರು ಹೊಸದುರ್ಗದ ಆ ಹಳ್ಳಿಗೆ ಮುಟ್ಟುವ ಹೊತ್ತಿಗೆ ಡಬ್ಬದ ಬಾಯಿ ತೆರೆದಿತ್ತು. ಮೊದಲು ರುಚಿ ನೋಡಿದ್ದ ಒಬ್ಬ ಮುದುಕನ ಕಣ್ಣು ಹೋಯಿತು, ಜೀವ ಉಳಿಯಿತು. ರಾತ್ರಿ ದೇವರ ಮುಂದೆ ಕುಡಿಯಲು ಸೇರಲಿದ್ದವರು ಉಳಿದರು.

ಲಿನ್‌ಗೆ ಕಳ್ಳಭಟ್ಟಿ ಇಳಿಸಿದ್ದಕ್ಕೆ ಕೆಲವು ತಿಂಗಳ ಸಜೆಯಾಯಿತು. ಮುರುಗೇಶಪ್ಪನವರು ಕಾನೂನಿನಂತೆ ಜಾಡಿಯನ್ನು ಸ್ಟೇಷನ್ನಿನ ಹಿಂದಿನ ಚರಂಡಿಗೆ ಚೆಲ್ಲಿಸಿದರು. ಬೂಷ್ಟಿನ ಇಟ್ಟಿಗೆಗಳನ್ನು ಪೊಲೀಸರು ಪುಡಿ ಮಾಡಿ ಸುಟ್ಟರು. ಸಜೆ ಮುಗಿಸಿ ಬಂದವನು ಕುಳಿಗೆ ಮಣ್ಣು ತುಂಬಿ ಮೇಲೆ ಹೀರೆ ಬಳ್ಳಿ ಹಾಕಿದ. ಹೆಂಡತಿಯ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು. ಕರೆದರೆ ಬರುತ್ತಿದ್ದ, ಬಡಿಸಿದರೆ ಉಣ್ಣುತ್ತಿದ್ದ, ಅವಳ ಹೆಸರು ಮಾತ್ರ ಬಹಳ ದಿನ ಅವನ ಬಾಯಿಗೆ ಬರಲಿಲ್ಲ.

ಕಾಳಕ್ಕ ಒಂದು ಸಲ ಬಂದಳು. ಅಂಗಡಿಯ ಒಳಗೆ ಕಾಲಿಡಲಿಲ್ಲ. "ನಿನ್ನ ಗಂಡ ಮನೆಗೆ ಬಂದ," ಅಂದಳು. "ನನ್ನ ಮಗ?" ಏಕನಾಥಮ್ಮ ಎದ್ದು ಬರುವಷ್ಟರಲ್ಲಿ ಮುದುಕಿ ಬೀದಿ ದಾಟಿದ್ದಳು. ಮರುವರ್ಷ ತೀರಿಕೊಂಡಾಗ ಸುದ್ದಿ ಕಳಿಸಲಿಲ್ಲ, ಮಣ್ಣಾದ ಮೇಲೆ ತಿಳಿಯಿತು.

ಕರಿಸಿದ್ದಪ್ಪನ ತೀರ್ಪು ಹೊರಬಿದ್ದದ್ದು ಎಮರ್ಜೆನ್ಸಿ ಹೋದ ಮೇಲೆ. ಲಾರಿ ಡ್ರೈವರು ಸಿಕ್ಕಲೇ ಇಲ್ಲ. ನೇಣಾಗಲಿಲ್ಲ, ಆದರೆ ಅವನು ಹೊರಗೆ ಬರುವಾಗ ತೊಟ್ಟಿಲ ಮಕ್ಕಳಿಗೆ ಮದುವೆ ವಯಸ್ಸಾಗಿರುತ್ತಿತ್ತು. ಕೋರ್ಟಿನ ಜಗಲಿಯಲ್ಲಿ ಅವನ ಹೆಂಡತಿ ಪುಟ್ಟಕ್ಕ ಕಂಬಕ್ಕೆ ಒರಗಿ ಕೂತಿದ್ದಳು, ಗಂಡನ ಅಕ್ಕನ ಕಡೆ ಕಣ್ಣೆತ್ತಲಿಲ್ಲ. ಕೋಳ ಹಾಕಿದ ಕರಿಸಿದ್ದಪ್ಪನನ್ನು ವ್ಯಾನಿನ ಕಡೆ ನಡೆಸಿಕೊಂಡು ಬಂದರು. ಲಿನ್ ಮುಂದೆ ಹೋಗಿ ಅವನ ಭುಜದ ಮೇಲೆ ಕೈ ಇಟ್ಟ. ಕರಿಸಿದ್ದಪ್ಪ ಭಾವನನ್ನು ನೋಡಲಾರದೆ ಅಕ್ಕನನ್ನು ನೋಡಿದ.

"ನೀನು ಹೇಳ್ದೇ ಇದ್ದಿದ್ರೆ ನಾನೇ ಬಂದು ಹೇಳ್ತಿದ್ನೋ ಇಲ್ವೋ," ಅಂದ. "ಜೈಲಾಗೆ ಕುಂತು ದಿನಾ ಕೇಳ್ಕಂತೀನಿ ಅಕ್ಕ. ಗೊತ್ತಾಗಲ್ಲ."

"ಊಟ ಸರ್ಯಾಗಿ ಮಾಡು," ಅಂದಳು.

ವ್ಯಾನು ಗೇಟು ದಾಟಿ ಧೂಳು ಎಬ್ಬಿಸಿಕೊಂಡು ಹೋಯಿತು. ಪುಟ್ಟಕ್ಕ ಎದ್ದು ಮಗುವನ್ನು ಕಂಕುಳಿಗೆ ಹಾಕಿಕೊಂಡು, ಯಾರಿಗೂ ಕಾಯದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಲಿನ್ ಸ್ವಲ್ಪ ಹೊತ್ತು ಗೇಟಿನ ಹತ್ತಿರ ನಿಂತಿದ್ದು ತಿರುಗಿ ಬಂದ. "ಹೋಗಾಣ, ಏಕನಾಥಿ," ಅಂದ.

ಏಕನಾಥಮ್ಮ ಕೋರ್ಟಿನ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. "ನೀವು ನಡೀರಿ, ಬರ್ತೀನಿ," ಅಂದಳು. ಅವನು ಹೋಗಲಿಲ್ಲ. ಅದೇ ಮೆಟ್ಟಿಲಿನ ಮೇಲೆ ಅವಳ ಜೊತೆಗೇ ಕೂತ. ಕೋರ್ಟು ಮುಚ್ಚುವವರೆಗೂ ಇಬ್ಬರೂ ಅಲ್ಲಿಯೇ ಕೂತಿದ್ದರು.